ಬಿಟ್ಟಿ ಸಿಕ್ಕ ನಗು

"ಆ ಹಲ್ಲಿನ ಡಾಕ್ಟರ ಬೋರ್ಡ್ ಮಾಡಿದ್ದು ಇಲ್ಲೇನಾ?"

ಪ್ರಿಂಟಿಂಗ್ ಪ್ರೆಸ್ಸಿನ ಮೂಲೆಯ ಮೇಜಿನಲ್ಲಿ ಕುಳಿತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ ಡಿಸೈನರ್ ತಲೆ ಎತ್ತಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಸಿಟ್ಟು ಮಾಡಿಕೊಂಡು ರೂಢಿಯಿಲ್ಲದವನು ಕಷ್ಟಪಟ್ಟು ತಂದುಕೊಂಡಂಥ ಸಿಟ್ಟು. ಆ ಬೋರ್ಡ್ ನೋಡಿ ಹೊಸ ಗಿರಾಕಿಗಳು ಬಂದೇ ಬರುತ್ತಾರೆ ಎಂದು ಪ್ರೆಸ್ಸಿನ ಯಜಮಾನರು ಹೇಳಿದ್ದರು. ಬಂದನಲ್ಲ ಎಂದುಕೊಂಡಳು.

"ಹೌದು, ನಾನೇ ಮಾಡಿದ್ದು. ಕೂತ್ಕೊಳ್ಳಿ. ನಿಮಗೆ ಯಾವ ಸೈಜಲ್ಲಿ ಬೇಕು?"

"ನನಗೆ ಬೇಡ."

"ಸಣ್ಣದಾದ್ರೂ ಮಾಡಿಕೊಡ್ತೀವಿ. ಸಂಕೋಚ ಪಡಬೇಡಿ."

"ಅಲ್ಲಿ ಇರೋದೇ ಬೇಡ ಅಂದೆ. ಅದನ್ನ ಇಳಿಸಬೇಕು."

ಅವನು ಮೊಬೈಲು ತೆಗೆದು ಅವಳ ಮುಂದೆ ಹಿಡಿದ. ಪರದೆಯ ಮೇಲೆ ಅವಳದೇ ಬೋರ್ಡು. ಒಬ್ಬ ಅಜ್ಜಿ ಬಾಯಿ ತುಂಬ ನಗುತ್ತಿದ್ದಾರೆ. ಮುಂದಿನ ಎರಡು ಹಲ್ಲುಗಳ ಜಾಗ ಖಾಲಿ. ಪಕ್ಕದಲ್ಲಿ ದಪ್ಪ ಕೆಂಪಕ್ಷರದಲ್ಲಿ ‘ಹೀಗಾಗುವ ಮುನ್ನ ಬನ್ನಿ’ ಎಂದಿದೆ.

"ಇವರು ನಮ್ಮಜ್ಜಿ," ಎಂದ.

ಡಿಸೈನರಿಗೆ ಮೊದಲು ನೆನಪಾದದ್ದು ನಿಯಮ. ತಪ್ಪು ಮಾಡಿದವರಿಗೆ ಯಾವಾಗಲೂ ಮೊದಲು ನೆನಪಾಗುವುದು ನಿಯಮವೇ. "ಸರ್, ಅದು ಫ್ರೀ ಫೋಟೋ. ಯಾರು ಬೇಕಾದ್ರೂ ಬಳಸಬಹುದು ಅಂತ ಆ ಸೈಟಲ್ಲೇ ಬರೆದಿದೆ."

"ಬರೆದಿರೋದು ಗೊತ್ತು. ಆ ಫೋಟೋ ಹಾಕಿದ್ದು ನಾನೇ."

ಅವಳ ಕೈಯಲ್ಲಿದ್ದ ಬಿಸ್ಕತ್ತು ಅರ್ಧಕ್ಕೆ ಮುರಿದು ಚಹಾದೊಳಗೆ ಬಿತ್ತು.

"ಅದೇ ಪುಟದಲ್ಲಿ ಕೆಳಗೆ ಇನ್ನೊಂದು ಸಾಲೂ ಇದೆ," ಎಂದು ಅವನು ಮುಂದುವರಿಸಿದ. "ಮುಖ ಕಾಣೋ ಜನರನ್ನ ಅವರಿಗೆ ನೋವಾಗೋ ಹಾಗೆ ತೋರಿಸಬಾರದು ಅಂತ. ಅದನ್ನ ಯಾರೂ ಓದಲ್ಲ."

ಅವಳು ಓದಿದ್ದಳು. ಬಾಯಿಪಾಠವೇ ಆಗಿತ್ತು.

"ಸಂಜೆ ಹೊತ್ತು ಗೆಳತಿಯರ ಜೊತೆ ಅದೇ ರಸ್ತೇಲಿ ವಾಕಿಂಗ್ ಹೋಗ್ತಿದ್ರು. ಈಗ ಹೋಗಲ್ಲ. ಮನೇಲಿ ನಗೋವಾಗ್ಲೂ ಬಾಯಿಗೆ ಕೈ ಅಡ್ಡ ಇಟ್ಕೋತಾರೆ. ನಮ್ಮಜ್ಜಿ ನಕ್ರೆ ಪಕ್ಕದ ಮನೆಯವರು ಏನಾಯ್ತು ಅಂತ ಕಿಟಕಿ ತೆಗೀತಿದ್ರು ಗೊತ್ತಾ? ಈಗ ಆ ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ." ಅವನ ಸಿಟ್ಟು ಅಲ್ಲಿಗೆ ಮುಗಿದಿತ್ತು. ಧ್ವನಿ ತಗ್ಗಿತು. "ನಂದೂ ತಪ್ಪಿದೆ ಬಿಡಿ. ತಗೊಳ್ಳೋರೆಲ್ಲ ಒಳ್ಳೆಯವರೇ ಅಂದ್ಕೊಂಡಿದ್ದೆ. ಆ ಸೈಟಲ್ಲೇ ಒಬ್ಬರಿದಾರೆ, ಮೂಲೆಮೇಜು ಅಂತ ಹೆಸರಿಟ್ಕೊಂಡಿದಾರೆ. ನನ್ನ ಯಾವ ಚಿತ್ರ ತಗೊಂಡ್ರೂ ಅದು ಎಲ್ಲಿಗೆ ಹೋಯ್ತು ಅಂತ ಬರೆದು ತಿಳಿಸ್ತಾರೆ. ಅಜ್ಜಿ ಅಂಥವರ ಕೈಗೆ ಸಿಕ್ಕಿದ್ರೆ ಹೀಗಾಗ್ತಿರಲಿಲ್ಲ."

ಡಿಸೈನರ್ ಮೂಲೆಯ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇವತ್ತೇ ಇಳಿಸ್ತೀವಿ," ಎಂದಳು. ಧ್ವನಿ ತನ್ನದಲ್ಲ ಎನ್ನಿಸಿತು. "ನಾನೇ ಬಂದು ಅಜ್ಜಿ ಹತ್ರ ಕ್ಷಮೆ ಕೇಳ್ತೀನಿ."

"ಅಂಚೆ ಕಚೇರಿ ಎದುರಿಗಿರೋ ಸ್ಟುಡಿಯೋ ನಂದು. ಬೆಳಗ್ಗೆ ಅಜ್ಜಿ ಅಲ್ಲೇ ಇರ್ತಾರೆ." ಹೊರಟವನು ಬಾಗಿಲಲ್ಲಿ ತಿರುಗಿದ. "ಚಹಾ ಬೇರೆ ತರಿಸ್ಕೊಳ್ಳಿ. ಬಿಸ್ಕತ್ತು ಕರಗಿ ಗಂಜಿ ಆಗಿರತ್ತೆ."

ಜಗಳಕ್ಕೆ ಬಂದವನು ಚಹಾದ ಚಿಂತೆ ಮಾಡಿ ಹೋದರೆ ಯಾರಿಗೆ ತಾನೇ ಕಷ್ಟವಾಗುವುದಿಲ್ಲ? ಅವಳಿಗಂತೂ ಆ ದಿನವೆಲ್ಲ ಕಷ್ಟವಾಯಿತು. ಯಾಕೆಂದರೆ ಮೂಲೆಮೇಜು ಅವಳೇ.

ಹೊಸದಾಗಿ ಪ್ರೆಸ್ಸಿಗೆ ಸೇರಿದಾಗ ಯಜಮಾನರು ಅವಳಿಗೆ ಕಲಿಸಿದ್ದು ಒಂದೇ ಪಾಠ. "ಚಿತ್ರಕ್ಕೆ ಅಂತ ನಯಾಪೈಸೆ ಕೊಡಲ್ಲಮ್ಮ. ಎಲ್ಲಿಂದಾದ್ರೂ ತಾ, ಆದ್ರೆ ಕದ್ದು ತರಬೇಡ." ಅವಳು ದೊಡ್ಡ ದೊಡ್ಡ ಉಚಿತ ತಾಣಗಳನ್ನೆಲ್ಲ ಜಾಲಾಡಿದಳು. ಅಲ್ಲಿ ಕೋಟು ತೊಟ್ಟವರು ಕೈ ಕುಲುಕುತ್ತಿದ್ದರು. ಒಬ್ಬಳು ಸೊಪ್ಪಿನ ಬಟ್ಟಲನ್ನು ನೋಡಿಕೊಂಡು ಒಬ್ಬಳೇ ನಗುತ್ತಿದ್ದಳು. ನಾಲ್ಕು ಜನ ಸೇರಿ ಒಂದು ಲ್ಯಾಪ್‌ಟಾಪಿನೊಳಗೆ ಇಣುಕಿ ಬೆರಗಾಗುತ್ತಿದ್ದರು. ಹಿಟ್ಟಿನ ಗಿರಣಿಯ ಕರಪತ್ರಕ್ಕೆ ಅವರನ್ನು ಅಂಟಿಸಿದರೆ ತಪ್ಪು ಮದುವೆಮನೆಗೆ ಬಂದ ನೆಂಟರಂತೆ ಕಾಣುತ್ತಿದ್ದರು. ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಈ ಕೆಲಸ ನನ್ನಿಂದಾಗದು ಎಂದು ಅವಳು ಬಿಡುವುದಕ್ಕೇ ತಯಾರಾಗಿದ್ದಳು.

ಆಗ ಸಿಕ್ಕಿದ್ದು ಆ ಪುಟ್ಟ ತಾಣ. ಹವ್ಯಾಸಕ್ಕೆ ಕ್ಯಾಮೆರಾ ಹಿಡಿದ ಸುತ್ತಮುತ್ತಲಿನ ಕೆಲವರು ಸೇರಿ ನಡೆಸುತ್ತಿದ್ದುದು. ಅಲ್ಲಿ ‘ಭಾನುವಾರ’ ಎಂಬ ಹೆಸರಿನಲ್ಲಿ ಯಾರೋ ವಾರಕ್ಕೊಮ್ಮೆ ಚಿತ್ರ ಹಾಕುತ್ತಿದ್ದರು. ಬಿಸಿಲು ಬಿದ್ದ ಕಿಟಕಿ. ಬ್ರೆಡ್ಡಿನ ತಟ್ಟೆ ಹೊತ್ತ ಕೈಗಳು. ಬಸ್ಸಿಗೆ ಕಾಯುತ್ತ ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಮಗು. ನೋಡಿದರೆ ನಮ್ಮವರೇ ಅನ್ನಿಸುವ ಮುಖಗಳು. ಕಿಟಕಿ ಗ್ರಂಥಾಲಯದ ಕಾರ್ಡಿಗೆ ಹೋಯಿತು. ಕೈಗಳು ಬೇಕರಿಯ ಚೀಲಕ್ಕೆ ಹೋದವು. ಗಿರಾಕಿಗಳು ಎರಡನೇ ಸಲ ಬಂದರು. ಯಜಮಾನರು ಅವಳಿಗೆ ಹೊಸ ಕುರ್ಚಿ ತರಿಸಿಕೊಟ್ಟರು. ಆ ಕುರ್ಚಿಯಲ್ಲಿ ಕುಳಿತಾಗಲೆಲ್ಲ ಅವಳಿಗೆ ಹೆಸರು ಗೊತ್ತಿಲ್ಲದ ಆ ಭಾನುವಾರದವರ ನೆನಪಾಗುತ್ತಿತ್ತು.

ಚಿತ್ರ ಇಳಿಸಿಕೊಂಡ ಮೇಲೆ ಆ ತಾಣದಲ್ಲಿ ಒಂದು ಚೌಕ ತೆರೆಯುತ್ತಿತ್ತು. ತೆಗೆದವರಿಗೆ ಏನಾದರೂ ಹೇಳುವಿರಾ ಎಂದು ಕೇಳುತ್ತಿತ್ತು. ಎಲ್ಲರೂ ಮುಚ್ಚಿ ಮುಂದೆ ಹೋಗುವ ಚೌಕ ಅದು. ಅವಳು ಮಾತ್ರ ಪ್ರತಿಸಲವೂ ತುಂಬುತ್ತಿದ್ದಳು. ‘ನಿಮ್ಮ ಕಿಟಕಿ ಗ್ರಂಥಾಲಯದ ಕಾರ್ಡಿಗೆ ಹೋಯಿತು. ಒಬ್ಬ ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಧನ್ಯವಾದ.’ ಬಿಟ್ಟಿ ಸಿಕ್ಕಿತೆಂದು ಸುಮ್ಮನೆ ಎತ್ತಿಕೊಂಡು ಹೋಗಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

"ನಿನ್ನ ಭಾನುವಾರದವರಿಗೆ ಎಪ್ಪತ್ತು ವರ್ಷ ಆಗಿದ್ರೆ?" ಎಂದು ಅಕ್ಕ ಒಮ್ಮೆ ಕಾಲೆಳೆದಿದ್ದಳು.

"ಆಗಲಿ. ಕಾಲಿಗೆ ಬಿದ್ದು ಬರ್ತೀನಿ."

"ಮೂವತ್ತಾಗಿದ್ರೆ?"

ಅವಳು ಎದ್ದು ಪಾತ್ರೆ ತೊಳೆಯಲು ಹೋಗಿದ್ದಳು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಆ ಸಂಜೆ ನಡೆದುದನ್ನೆಲ್ಲ ಹೇಳಿಕೊಂಡಾಗ ಅಕ್ಕ ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೇಳಿದ ಮೊದಲ ಮಾತು, "ಅಂದ್ರೆ ಮೂವತ್ತೇನಾ?"

"ಅಕ್ಕಾ."

"ಸರಿ ಸರಿ. ಆ ಫೋಟೋಗೆ ಮಾತ್ರ ಯಾಕೆ ಏನೂ ಬರೀಲಿಲ್ಲ ನೀನು?"

ಅದನ್ನೇ ಅವಳು ಬೆಳಗಿನಿಂದ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದಳು. ಕೆಂಪಕ್ಷರದ ಸಾಲು ಯಜಮಾನರದು. ಚಿತ್ರ ಹುಡುಕಿದ್ದು ಅವಳು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಳಗೆಲ್ಲೋ ಚುಚ್ಚಿತ್ತು. ನೋಡುವವರನ್ನೂ ನಗಿಸುವ ಆ ನಗುವನ್ನು ಜನ ಹೆದರಬೇಕಾದ ವಸ್ತು ಮಾಡಿದ್ದಳು. ಚೌಕ ತೆರೆದುಕೊಂಡಾಗ ಏನು ಬರೆಯಬೇಕೆಂದು ತೋಚದೆ ಮುಚ್ಚಿಬಿಟ್ಟಿದ್ದಳು.

"ಹೇಳಿದ್ರೆ ನನ್ನ ಮುಖ ನೋಡಲ್ಲ ಅವರು," ಎಂದಳು.

"ಹೇಳದೇ ಇದ್ರೆ ನೀನು ಅವರ ಮುಖ ನೋಡೋಕಾಗಲ್ಲ," ಎಂದು ಅಕ್ಕ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಬೋರ್ಡು ಆಗಲೇ ಇಳಿದಿತ್ತು. ಹಲ್ಲಿನ ಡಾಕ್ಟರಮ್ಮ ವಿಷಯ ಕೇಳಿ ನೊಂದುಕೊಂಡಿದ್ದರು. "ನನ್ನ ಹತ್ರ ಜನ ಮೊದಲೇ ಹೆದರಿಕೊಂಡು ಬರ್ತಾರೆ. ಇನ್ನೂ ಹೆದರಿಸೋ ಬೋರ್ಡ್ ನನಗ್ಯಾಕಮ್ಮ? ನಗೋರ ಫೋಟೋ ಹಾಕು. ಆದ್ರೆ ಅವರನ್ನ ಕೇಳಿ ಹಾಕು," ಎಂದರು. ಯಜಮಾನರು ತಲೆ ಚಚ್ಚಿಕೊಂಡು ಹೊಸದಾಗಿ ಮುದ್ರಿಸಲು ಒಪ್ಪಿದರು. ತಪ್ಪಿನಲ್ಲಿ ತಮ್ಮ ಪಾಲೂ ಇದೆಯೆಂದು ಬಾಯಿಬಿಟ್ಟು ಹೇಳುವವರಲ್ಲ ಅವರು. ಆದರೆ ಅವಳಿಗೆ ಎರಡು ಸಲ ಚಹಾ ತರಿಸಿಕೊಟ್ಟರು.

ಮರುದಿನ ಬೆಳಗ್ಗೆ ಅವಳು ಸ್ಟುಡಿಯೋಗೆ ಹೋದಳು.

ಒಂದೇ ಕೋಣೆ. ಬಿಳಿ ಪರದೆ, ಅದರ ಮುಂದೆ ಒಂದು ಸ್ಟೂಲು, ಕನ್ನಡಿಗೆ ದಾರ ಕಟ್ಟಿ ತೂಗುಬಿಟ್ಟ ಬಾಚಣಿಗೆ. ಮೊಳೆಯಲ್ಲಿ ಒಂದು ಕಪ್ಪು ಕೋಟು ನೇತಾಡುತ್ತಿತ್ತು. ಕೋಟಿಲ್ಲದೆ ಬಂದವರೆಲ್ಲ ಅದನ್ನೇ ತೊಟ್ಟು ದೊಡ್ಡ ಮನುಷ್ಯರಾಗಿ ಹೋಗುತ್ತಿದ್ದರು. ಅವನು ಕ್ಯಾಮೆರಾದ ಹಿಂದೆ ನಿಂತು ಪಾಸ್‌ಪೋರ್ಟ್ ಫೋಟೋಗೆ ಕೂತ ಒಬ್ಬರಿಗೆ ಹೇಳುತ್ತಿದ್ದ, "ನಗಬೇಡಿ. ಗಲ್ಲ ಸ್ವಲ್ಪ ಕೆಳಗೆ. ನೇರ ನೋಡಿ. ನಗಬೇಡಿ ಅಂದೆ."

ದಿನವಿಡೀ ಜನರಿಗೆ ನಗಬೇಡಿ ಎನ್ನುವವನು ರಜೆಯ ದಿನ ನಗುವವರನ್ನು ಹುಡುಕಿಕೊಂಡು ಹೋಗುತ್ತಿದ್ದ. ‘ಭಾನುವಾರ’ ಎಂಬ ಹೆಸರಿನ ಗುಟ್ಟು ಅವಳಿಗೆ ಬಾಗಿಲಲ್ಲೇ ಹೊಳೆಯಿತು. ಇನ್ನಷ್ಟು ಇಷ್ಟವಾಗಿಬಿಟ್ಟ. ಇದೊಳ್ಳೆ ಗ್ರಹಚಾರ ಎಂದುಕೊಂಡಳು.

ಕಿಟಕಿಯ ಬಳಿ ಅಜ್ಜಿ ಕುಳಿತು ಕತ್ತರಿಸಿದ ಫೋಟೋಗಳನ್ನು ಲಕೋಟೆಗೆ ತುಂಬುತ್ತಿದ್ದರು. ಬೋರ್ಡಿನಲ್ಲಿ ಕಂಡದ್ದಕ್ಕಿಂತ ಸಣ್ಣ ಆಕಾರ. ಬಾಯಿ ಬಿಗಿಯಾಗಿ ಮುಚ್ಚಿತ್ತು. ಆ ಮುಚ್ಚಿದ ಬಾಯಿ ನೋಡಿ ಅವಳಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅಜ್ಜಿ, ಆ ಬೋರ್ಡ್ ಮಾಡಿದ್ದು ನಾನು. ನಿಮ್ಮ ನಗು ನೋಡಿ ನಾನೂ ನಕ್ಕಿದ್ದೆ. ಆಮೇಲೆ ಅದಕ್ಕೇ ಅವಮಾನ ಮಾಡಿದೆ. ತಪ್ಪಾಯ್ತು."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಫೋಟೋ ಅಷ್ಟು ದೊಡ್ಡದಾಗಿ ಮಾಡಿದ್ಯಲ್ಲ, ಮೂಗು ಚೆನ್ನಾಗಿ ಬಂದಿತ್ತು," ಎಂದು ನಕ್ಕರು. ನಗುತ್ತಿದ್ದಂತೆ ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಅದನ್ನು ನೋಡಲು ಅವಳಿಂದಾಗಲಿಲ್ಲ.

ಅವಳು ಅವನತ್ತ ತಿರುಗಿದಳು. "ಇನ್ನೊಂದು ಹೇಳೋದಿದೆ. ಮೂಲೆಮೇಜು ನಾನೇ."

ಫೋಟೋಗೆ ಕೂತಿದ್ದವರು ಎದ್ದು ಹೋಗಿ ಆಗಿತ್ತು. ಅವನು ಕ್ಯಾಮೆರಾ ಬಿಟ್ಟು ಈಚೆ ಬಂದ. ಮೇಜಿನ ಖಾನೆ ಎಳೆದು ಒಂದೊಂದಾಗಿ ಹೊರಗಿಟ್ಟ. ಗ್ರಂಥಾಲಯದ ಕಾರ್ಡು. ನೀಟಾಗಿ ಮಡಚಿದ ಬೇಕರಿ ಚೀಲ. ನಿದ್ದೆ ಹೋದ ಮಗುವಿದ್ದ ಬಸ್ ವೇಳಾಪಟ್ಟಿ.

"ನೀವು ಬರೆದ ಮೇಲೆ ಹೋಗಿ ಹೋಗಿ ತಂದಿದ್ದು," ಎಂದ. "ಓದೋ ಅಭ್ಯಾಸ ನನಗಿರಲಿಲ್ಲ. ಈ ಕಾರ್ಡಿಗೋಸ್ಕರ ಗ್ರಂಥಾಲಯಕ್ಕೆ ಸೇರ್ದೆ."

"ಗ್ರಂಥಾಲಯದಲ್ಲಿ ಕೇಳಿದ್ದಿದ್ರೆ ಇದನ್ನ ಮಾಡಿದ ಪ್ರೆಸ್ ಯಾವುದು ಅಂತ ಹೇಳ್ತಿದ್ರು. ನೀವು ಬರಬಹುದಿತ್ತು."

"ಬರಬಹುದಿತ್ತು. ಬಂದು ಏನು ಹೇಳೋದು ಅಂತ ಗೊತ್ತಾಗಲಿಲ್ಲ." ಅವನು ಅವಳನ್ನು ನೇರವಾಗಿ ನೋಡಿದ. "ನೀವು ಗೊತ್ತಿದ್ದೂ ಗೊತ್ತಿದ್ದೂ ಹಾಗೆ ಮಾಡಿದ್ರಾ?"

ಇದೇ ಪ್ರಶ್ನೆಗೆ ಅವಳು ಹೆದರಿದ್ದು.

"ಹೌದು. ಯಜಮಾನರು ಅವಸರ ಮಾಡಿದ್ರು ಅಂತ ಹೇಳಬಹುದು. ಆದ್ರೆ ಚುಚ್ಚಿದ್ದು ನನಗೆ, ಸುಮ್ಮನಿದ್ದಿದ್ದೂ ನಾನೇ. ಅದಕ್ಕೇ ಆ ಚೌಕದಲ್ಲಿ ಏನೂ ಬರೀಲಿಲ್ಲ. ಎಲ್ಲಿಗೆ ಹೋಯ್ತು ಅಂತ ನಿಮಗೆ ಹೇಳೋಕೆ ಮುಖ ಇರಲಿಲ್ಲ." ಎಲ್ಲ ಹೇಳಿ ಮುಗಿಸಬೇಕೆನ್ನಿಸಿತು. "ನಿಮ್ಮ ಚಿತ್ರಗಳು ಇಲ್ಲದೇ ಇದ್ರೆ ನಾನು ಈ ಕೆಲಸದಲ್ಲೇ ಇರ್ತಿರಲಿಲ್ಲ. ಇಷ್ಟು ವರ್ಷ ನಿಮ್ಮ ಋಣದಲ್ಲಿದ್ದು ಹೀಗೆ ಮಾಡಿದೆ. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ. ಬೇಕರಿ ಚೀಲವನ್ನು ಬಿಚ್ಚಿ ಮತ್ತೆ ಅದೇ ಮಡಿಕೆಗೆ ಮಡಚಿದ. ಬೈದಿದ್ದರೇ ವಾಸಿಯಿತ್ತು.

"ಏನೋ ನೀನು," ಎಂದು ಅಜ್ಜಿ ಶುರುಮಾಡಿದರು. "ಮೂಲೆಮೇಜಿನವರು ಹೀಗೆ ಬರೆದ್ರು, ಹಾಗೆ ಬರೆದ್ರು ಅಂತ ಊಟಕ್ಕೆ ಕೂತಾಗೆಲ್ಲ ನನ್ನ ತಲೆ ತಿಂತಿದ್ದೆ. ಈಗ ಎದುರಿಗೆ ಬಂದು ನಿಂತ್ರೆ ಕೂತ್ಕೊಳ್ಳಿ ಅನ್ನೋಕೂ ಬಾಯಿಲ್ವಾ?"

ಅವನ ಕಿವಿ ಎರಡೂ ಕೆಂಪಾದವು. ಅವಳು ಅದನ್ನು ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ. ಕಿವಿ ಇನ್ನೂ ಕೆಂಪಾದವು. ಅವಳಿಗೆ ನಗು ಬಂದು ಥಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ನೀನ್ಯಾಕೆ ಮುಚ್ಕೋತೀಯೇ?" ಎಂದರು ಅಜ್ಜಿ. "ನಿನ್ನ ಫೋಟೋನೂ ಯಾವುದಾದ್ರೂ ಬೋರ್ಡಿಗೆ ಹಾಕಿದಾರಾ?"

ಡಿಸೈನರ್ ತಬ್ಬಿಬ್ಬಾದಳು. ಮುಂದಿನ ಒಂದು ಹಲ್ಲು ಇನ್ನೊಂದರ ಮೇಲೆ ಏರಿ ಕುಳಿತಿದೆ. ಶಾಲೆಯ ಗ್ರೂಪ್ ಫೋಟೋದಲ್ಲಿ ನೀನು ಬಾಯಿ ಮುಚ್ಚಿಕೊಂಡಿರು ಎಂದು ಯಾರೋ ಹೇಳಿದ್ದರು. ಅಂದಿನಿಂದ ಬಂದ ಅಭ್ಯಾಸ. ದಿನವೂ ಬೇರೆಯವರ ನಗು ಹುಡುಕಿ ಹುಡುಕಿ ಜೋಡಿಸುವ ಅವಳದೇ ನಗುವಿನ ಫೋಟೋ ಒಂದೂ ಇರಲಿಲ್ಲ. ಅದನ್ನು ಹೇಳಿದಳು.

"ಒಳ್ಳೇದಾಯ್ತು," ಎಂದರು ಅಜ್ಜಿ. "ನನಗೆ ಎರಡು ಕಮ್ಮಿ, ನಿನಗೆ ಜಾಗ ಸಾಲದೆ ಒಂದರ ಮೇಲೊಂದು. ಇಬ್ಬರನ್ನೂ ಸೇರಿಸಿದ್ರೆ ಲೆಕ್ಕ ಸರಿಹೋಗತ್ತೆ. ಆ ಡಾಕ್ಟರಿಗೆ ಫೋಟೋ ಬೇಕು ತಾನೇ? ನಮ್ಮಿಬ್ಬರದ್ದೂ ಕೊಡೋಣ. ಆದ್ರೆ ಒಂದು ಮಾತು. ನೀನು ಕೈ ತೆಗೆದ್ರೆ ನಾನೂ ತೆಗೀತೀನಿ. ನೀನು ಮುಚ್ಕೊಂಡ್ರೆ ನಾನೂ ಮುಚ್ಕೋತೀನಿ."

ಅವನು ಅವಳನ್ನು ನೋಡಿದ. ಒತ್ತಾಯವಿರಲಿಲ್ಲ, ಕೋರಿಕೆಯಿತ್ತು. ಅಜ್ಜಿಯ ನಗು ವಾಪಸ್ಸು ಬರುವುದು ಈಗ ತನ್ನ ಕೈಯಲ್ಲಿದೆ ಎಂದು ಅವಳಿಗೆ ಅರ್ಥವಾಯಿತು. ಬೇರೆ ಯಾರು ಕೇಳಿದ್ದರೂ ಓಡಿಹೋಗುತ್ತಿದ್ದಳು.

ಸ್ಟೂಲಿನ ಮೇಲೆ ಅಜ್ಜಿಯನ್ನು ಕೂರಿಸಿ ಪಕ್ಕದಲ್ಲಿ ನಿಂತಳು. ಅಜ್ಜಿ ಅವಳ ಕೈ ಹಿಡಿದುಕೊಂಡರು. ಇಬ್ಬರೂ ತುಟಿ ಬಿಗಿದು ಕ್ಯಾಮೆರಾ ನೋಡಿದರು. ಅವನು ಬಗ್ಗಿ ಕಣ್ಣಿಟ್ಟ. ಗಾಬರಿಯಲ್ಲಿ ಬಾಯಿಗೆ ದಿನದ ಮಾತೇ ಬಂತು.

"ಗಲ್ಲ ಸ್ವಲ್ಪ ಕೆಳಗೆ. ನೇರ ನೋಡಿ. ನಗಬೇಡಿ."

ಅಜ್ಜಿಯ ಹೊಟ್ಟೆಯೊಳಗಿಂದ ಎಂಥದೋ ಸದ್ದು ಹೊರಟಿತು. ಅದು ಅವಳನ್ನೂ ಹಿಡಿದುಕೊಂಡಿತು. ಅಜ್ಜಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಅವಳು ಅಜ್ಜಿಯ ಹೆಗಲ ಮೇಲೆ ಬಾಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೈಗಳು ಒಂದಕ್ಕೊಂದು ಹೆಣೆದುಕೊಂಡಿದ್ದರಿಂದ ಯಾವ ಕೈಯೂ ಬಾಯಿಯ ಕಡೆಗೆ ಹೋಗಲಿಲ್ಲ. ಅವನು ನಗುತ್ತಲೇ ಗುಂಡಿ ಒತ್ತುತ್ತಿದ್ದ.

ಎದುರಿನ ಅಂಚೆ ಕಚೇರಿಯಲ್ಲಿ ಯಾರೋ ಕಿಟಕಿ ತೆಗೆದು ಇಣುಕಿದರು.

ಹೊಸ ಬೋರ್ಡು ಮುಂದಿನ ವಾರ ಏರಿತು. ಎರಡು ನಗುಗಳು, ಕೆಳಗೆ ‘ನಗುತ್ತಾ ಬನ್ನಿ’ ಎಂಬ ಸಾಲು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಚಿತ್ರ: ಭಾನುವಾರ’. ಅದು ಬೇಕೇ ಎಂದು ಯಜಮಾನರು ಕೇಳಿದ್ದರು. ಬೇಕು ಎಂದು ಅವಳು ಹೇಳಿದ ರೀತಿಗೆ ಅವರು ಎರಡನೇ ಮಾತಾಡಲಿಲ್ಲ.

ಸಂಜೆ ಅಜ್ಜಿಯರ ದಂಡು ಅದೇ ರಸ್ತೆಯಲ್ಲಿ ಬಂತು. ಅವನ ಅಜ್ಜಿ ಎಲ್ಲರಿಗಿಂತ ಮುಂದೆ. ಬೋರ್ಡಿನ ಕೆಳಗೆ ನಿಂತು, "ಮೂಗು ಈ ಸಲಾನೂ ಚೆನ್ನಾಗಿದೆ," ಎಂದು ತೀರ್ಪು ಕೊಟ್ಟು ಬಾಯಿ ತುಂಬ ನಗುತ್ತ ಮುಂದೆ ಹೋದರು. ಬೋರ್ಡು ನೋಡಲು ಬಂದಿದ್ದ ಅವನೂ ಅವಳೂ ಅಲ್ಲೇ ಉಳಿದರು.

"ಈ ಫೋಟೋ ನೀವು ಸೈಟಿಗೆ ಹಾಕಿಲ್ಲ," ಎಂದಳು. "ಹುಡುಕಿದೆ."

"ಇದು ಫ್ರೀ ಅಲ್ಲ."

"ಹಾಗಾದ್ರೆ ಆ ಚೌಕ ಎಲ್ಲಿ ಸಿಗತ್ತೆ ನನಗೆ? ಎಲ್ಲಿ ಬರೀಲಿ?"

"ಬರೀಬೇಡಿ. ಹೇಳಿ."

ಇಷ್ಟು ವರ್ಷ ಬರೆದದ್ದನ್ನು ಎದುರಿಗೆ ನಿಂತು ಹೇಳುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ಗೊತ್ತಾಯಿತು. "ನಿಮ್ಮ ಚಿತ್ರ ಈ ರಸ್ತೆಗೆ ಬಂತು," ಎಂದಳು. "ಅಜ್ಜಿ ನಕ್ಕರು. ನಮ್ಮಕ್ಕ ನೋಡಿ ಅತ್ತುಬಿಟ್ಲು. ನಾನು ಇವತ್ತು ಬೆಳಗ್ಗೆಯಿಂದ ಒಂದು ಸಲಾನೂ ಬಾಯಿ ಮುಚ್ಕೊಂಡಿಲ್ಲ. ತುಂಬಾ ಧನ್ಯವಾದ. ಇದಕ್ಕಷ್ಟೇ ಅಲ್ಲ, ಎಲ್ಲಾ ಭಾನುವಾರಗಳಿಗೂ."

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ತಲೆ ಎತ್ತಿ ಹೇಳಿದ, "ಈಗ ನಾನು ಹೇಳಬೇಕು. ಅವತ್ತು ತೆಗೆದಿದ್ರಲ್ಲಿ ನಿಮ್ಮದೊಂದೇ ಮುಖ ಇರೋದು ಒಂದಿತ್ತು. ನಿಮ್ಮನ್ನ ಕೇಳದೆ ತಗೊಂಡಿದೀನಿ. ಅದು ಸ್ಟುಡಿಯೋ ಗೋಡೆಗೆ ಹೋಯ್ತು. ಸ್ಟೂಲಿನ ಎದುರಿಗೆ, ಕ್ಯಾಮೆರಾ ಹಿಂದೆ."

"ಕೇಳದೆ ಹಾಕಬಾರದು ಅಂತ ನಿಯಮ ಇದೆ," ಎಂದಳು. ಕೆನ್ನೆ ಬಿಸಿಯಾಗಿತ್ತು.

"ಗೊತ್ತು. ಅದರಿಂದ ನನ್ನ ಕೆಲಸಾನೂ ಕೆಟ್ಟಿದೆ. ಕೂತವರೆಲ್ಲ ಅದನ್ನ ನೋಡಿ ನಗ್ತಾರೆ. ಒಂದು ಪಾಸ್‌ಪೋರ್ಟ್ ಫೋಟೋನೂ ಸರಿಯಾಗಿ ಬರ್ತಿಲ್ಲ. ಎಲ್ಲರದ್ದೂ ಮತ್ತೆ ಮತ್ತೆ ತೆಗೀತಾ ಇದೀನಿ."

"ಹಾಗಾದ್ರೆ ಅದನ್ನ ಇಳಿಸಿಬಿಡಿ."

"ಇಳಿಸ್ತೀನಿ," ಎಂದ ಅವನು. ಕಿವಿಗಳು ಕೆಂಪಾಗಿದ್ದವು, ಆದರೆ ಈ ಸಲ ಕಣ್ಣು ತಪ್ಪಿಸಲಿಲ್ಲ. "ಅಸಲು ನನ್ನ ಜೊತೆಗೇ ಇದ್ದುಬಿಟ್ರೆ ನಕಲು ನನಗ್ಯಾಕೆ?"

ಡಿಸೈನರ್ ಉತ್ತರ ಹೇಳುವ ಮೊದಲು ನಕ್ಕಳು. ಕೈಗಳೆರಡೂ ಪಕ್ಕದಲ್ಲೇ ಇದ್ದವು. ಆಮೇಲೆ ಅದರಲ್ಲೊಂದನ್ನು ಅವನ ಕೈಗೆ ಕೊಟ್ಟಳು.